ಪ್ರಮಾಣಕ್ಕೆ ಹೋಗದ ಎಂಎಲ್‌ಎ

ನಾನು ವಿಧಾನಸಭೆಗೆ ನಾಲ್ಕು ಸಲ ಸ್ಪರ್ಧಿಸಿದವಳು. ಮೊದಲ ಎರಡು ಸಲ ಗೆದ್ದೆ, ಆಮೇಲಿನ ಎರಡು ಸಲ ಸೋತೆ. ಈಗ ಮದುವೆಯ ಆಮಂತ್ರಣ ಪತ್ರಗಳಲ್ಲಿ ನನ್ನ ಹೆಸರಿನ ಮುಂದೆ ‘ಮಾಜಿ ಶಾಸಕಿ’ ಎಂದು ಅಚ್ಚು ಹಾಕಿಸುತ್ತಾರೆ. ಆ ‘ಮಾಜಿ’ ಹೇಗೆ ಬಂತು ಎಂದು ಕೇಳಿದರೆ ಊರಿನವರಲ್ಲಿ ಸಿದ್ಧ ಉತ್ತರವಿದೆ: ಮೇಡಂ ದೈವಕ್ಕೆ ಹೆದರಿ ಪ್ರಮಾಣಕ್ಕೆ ಬರಲಿಲ್ಲ, ಅದಕ್ಕೇ ಸೋತರು. ಇದರಲ್ಲಿ ಮುಕ್ಕಾಲು ಪಾಲು ನಿಜ. ಪ್ರಮಾಣಕ್ಕೆ ನಾನು ಹೋಗಲಿಲ್ಲ, ಅದರಿಂದಲೇ ಸೋತೆ. ಹೆದರಿದೆ ಎನ್ನುವುದು ಮಾತ್ರ ಶುದ್ಧ ಸುಳ್ಳು. ಅದನ್ನು ಕೇಳಿ ಕೇಳಿ ಸಾಕಾಗಿ ಇದನ್ನು ಬರೆಯುತ್ತಿದ್ದೇನೆ.

ಹುಟ್ಟಿದ್ದು ವೇಣೂರಿನಲ್ಲಿ, ಮದುವೆಯಾಗಿ ಬಂದದ್ದು ನರಿಕೊಂಬಿಗೆ. ರಾಜಕೀಯಕ್ಕೆ ಇಳಿಯುವ ಮೊದಲು ಬಂಟ್ವಾಳದ ಕೋರ್ಟಿನಲ್ಲಿ ವಕೀಲೆಯಾಗಿದ್ದೆ. ನನ್ನ ಕ್ಷೇತ್ರ ತವರಿನ ಕಡೆಯದು, ವೇಣೂರಿನಿಂದ ಚಾರ್ಮಾಡಿ ಘಾಟಿಯ ಬುಡದವರೆಗೆ ಹರಡಿಕೊಂಡದ್ದು. ಈ ಘಟನೆ ನಡೆದಾಗ ನನ್ನ ಎರಡನೆಯ ಅವಧಿ ಮುಗಿಯುತ್ತಿತ್ತು, ಮೂರನೆಯ ಚುನಾವಣೆಯ ಪ್ರಚಾರ ಶುರುವಾಗಿತ್ತು. ಎಲ್ಲರ ಕೈಗೂ ಮೊಬೈಲ್ ಬಂದು, ಬೆಳಿಗ್ಗೆ ಆಡಿದ ಮಾತು ಮಧ್ಯಾಹ್ನದ ಊಟಕ್ಕೆ ಮೊದಲೇ ಘಾಟಿ ಹತ್ತಿ ಇಳಿದು ಬರುವ ಕಾಲ ಅದು.

ಜಗಳದ ಮೂಲ ಒಂದು ಸೇತುವೆ. ಫಲ್ಗುಣಿ ನದಿಯ ಆಚೆ ದಡದ ಮಕ್ಕಳು ಮಳೆಗಾಲದಲ್ಲಿ ಶಾಲೆಗೆ ಊರೆಲ್ಲ ಸುತ್ತಿ ಬರಬೇಕಾಗಿತ್ತು. ಹಠ ಹಿಡಿದು, ಬೆಂಗಳೂರಿಗೆ ಅಲೆದು ಸೇತುವೆ ಮಂಜೂರು ಮಾಡಿಸಿದೆ. ಮೊದಲು ದೋಣಿ ದಾಟುತ್ತಿದ್ದ ಕಡವಿನಲ್ಲೇ ಸೇತುವೆ ಬರುತ್ತದೆಂದು ಜನ ಎಣಿಸಿದ್ದರು. ಆದರೆ ಮಣ್ಣು ಪರೀಕ್ಷೆ ಎಂಬುದೊಂದಿದೆ. ಕಂಬ ನಿಲ್ಲಿಸುವ ಮೊದಲು ನೆಲ ಕೊರೆದು ಅಡಿಯಲ್ಲಿ ಏನಿದೆ ಎಂದು ನೋಡುವ ಕೆಲಸ ಅದು. ಕಡವಿನ ಅಡಿಯಲ್ಲಿ ಎಷ್ಟು ಕೊರೆದರೂ ಬರೇ ಮರಳು. ಅಲ್ಲಿಂದ ಸ್ವಲ್ಪ ಕೆಳಗೆ ಗಟ್ಟಿ ಬಂಡೆ ಸಿಕ್ಕಿತು, ಎಂಜಿನಿಯರರು ಸೇತುವೆಯನ್ನು ಅಲ್ಲಿಗೆ ಸರಿಸಿದರು. ಸರಿಸಿದ ಜಾಗದಿಂದ ಕೂಗಳತೆಯ ದೂರದಲ್ಲಿ ನನ್ನ ತಮ್ಮ ಜಗದೀಶನ ರಬ್ಬರ್ ತೋಟ. ಸಾಕಲ್ಲ! ಮೇಡಂ ಸೇತುವೆಯನ್ನು ತಮ್ಮನ ಮನೆ ಬಾಗಿಲಿಗೆ ತಿರುಗಿಸಿಕೊಂಡರು ಎಂಬ ಮಾತು ಪ್ರತಿ ಬಸ್ ಸ್ಟ್ಯಾಂಡಿನಲ್ಲೂ ಶುರುವಾಯಿತು.

ಎದುರಾಳಿ ಅಭ್ಯರ್ಥಿಯ ಹೆಸರು ಇಲ್ಲಿ ಬೇಡ. ಈಗಲೂ ಮದುವೆ ಹಾಲ್‌ಗಳಲ್ಲಿ ಎದುರಾದರೆ ಇಬ್ಬರೂ ನಗುತ್ತೇವೆ, ಪಕ್ಕ ಪಕ್ಕ ಕೂತು ಉಣ್ಣುತ್ತೇವೆ. ಅವರು ಒಂದು ಸಂಜೆಯ ಸಭೆಯಲ್ಲಿ ಮೈಕ್ ಹಿಡಿದು ಹೇಳಿದರು: “ಮೇಡಂ ಸಾಚಾ ಆಗಿದ್ರೆ ಬರುವ ಸಂಕ್ರಮಣದ ದಿನ ದೈವದ ಎದುರಿಗೆ ಬರ್ಲಿ. ಚಂಡಿ ಬಟ್ಟೆಯಲ್ಲಿ ನಿಂತು, ಸೇತುವೆ ನಾನು ತಿರುಗಿಸ್ಲಿಲ್ಲ ಅಂತ ಪ್ರಮಾಣ ಮಾಡ್ಲಿ. ನಾನೂ ಬರ್ತೇನೆ.”

ಚಂಡಿ ಎಂದರೆ ಒದ್ದೆ. ತಲೆಗೆ ನೀರು ಸುರಿದುಕೊಂಡು, ಒದ್ದೆ ಬಟ್ಟೆಯಲ್ಲೇ ಊರು ಕಾಯುವ ದೈವದ ಎದುರು ಆಣೆಯಿಡುವುದಕ್ಕೆ ನಮ್ಮಲ್ಲಿ ಪ್ರಮಾಣ ಎನ್ನುತ್ತಾರೆ. ಸುಳ್ಳು ಆಣೆಯಿಟ್ಟವರ ಮನೆಗೆ ಕೇಡು ತಪ್ಪಿದ್ದಲ್ಲ ಎಂಬುದು ನಂಬಿಕೆ. ಶಾಸಕರಾದವರು ವಿಧಾನಸಭೆಯಲ್ಲಿ ಸ್ವೀಕರಿಸುವುದೂ ಪ್ರಮಾಣವಚನವೇ. ಅದನ್ನು ನಾನು ಎರಡು ಸಲ ಎಲ್ಲರೆದುರು ಸ್ವೀಕರಿಸಿದ್ದೆ. ಅದು ಮಾತ್ರ ಯಾರಿಗೂ ನೆನಪಾಗಲಿಲ್ಲ.

ಆಗ ನನ್ನ ಚುನಾವಣಾ ಏಜೆಂಟ್, ಅಂದರೆ ಅಭ್ಯರ್ಥಿಯ ಪರವಾಗಿ ಪ್ರಚಾರದ ವ್ಯವಸ್ಥೆಯನ್ನೆಲ್ಲ ನೋಡಿಕೊಳ್ಳುವವರು, ಸಂಜೀವಣ್ಣ. ದುಬೈಯಲ್ಲಿ ದುಡಿದು ಬಂದು ಮೂಡುಬಿದಿರೆಯಲ್ಲಿ ಹೋಟೆಲ್ ಇಟ್ಟವರು. ಮರುದಿನ ಬೆಳಿಗ್ಗೆ ಅವರ ಹೋಟೆಲಿನ ಒಳಕೋಣೆಯಲ್ಲಿ ಕಾರ್ಯಕರ್ತರೆಲ್ಲ ಸೇರಿದರು. ಬಿಸಿ ಬನ್ಸ್ ಬಂತು, ಯಾರೂ ಮುಟ್ಟಲಿಲ್ಲ.

“ಹೋಗಿ ಬರುವ ಮೇಡಂ,” ಎಂದರು ಸಂಜೀವಣ್ಣ. “ನೀವು ತಪ್ಪು ಮಾಡ್ಲಿಲ್ಲ, ನನಗೆ ಗೊತ್ತುಂಟು. ಒಂದು ಕೊಡಪಾನ ನೀರು, ಎರಡು ಮಾತು. ಅವರ ಬಾಯಿ ಬಂದ್.”

“ನಾನು ಹೋಗುದಿಲ್ಲ.”

“ಎಂತಕ್ಕೆ ಮಾರಾಯ್ರೆ? ದೈವವನ್ನು ನಂಬುದಿಲ್ವಾ ನೀವು?”

ನನಗೆ ಸಿಟ್ಟು ನೆತ್ತಿಗೇರಿತು. ನಮ್ಮ ಮನೆಯಲ್ಲೂ ದೈವವಿದೆ. ವರ್ಷಕ್ಕೊಮ್ಮೆ ತಂಬಿಲ ಸೇವೆ ಕೊಟ್ಟು ಕೈಮುಗಿದು ನಿಂತಾಗ ಇವತ್ತಿಗೂ ನನ್ನ ಮೈ ಜುಮ್ಮೆನ್ನುತ್ತದೆ. “ನಂಬ್ತೇನೆ ಸಂಜೀವಣ್ಣ, ಅದಕ್ಕೇ ಹೋಗುದಿಲ್ಲ. ದೈವ ಎಂತ ನನ್ನ ಪೋಲಿಂಗ್ ಏಜೆಂಟಾ, ಬೂತಿನಲ್ಲಿ ಕೂರಿಸ್ಲಿಕ್ಕೆ?” ಎಂದೆ. ಒಂದಿಬ್ಬರು ನಕ್ಕರು. ಸಂಜೀವಣ್ಣ ನಗಲಿಲ್ಲ. “ಹಾಗಾದ್ರೆ ಸೀಟು ಹೋಯ್ತು ಅಂತಲೇ ಇಟ್ಕೊಳ್ಳಿ,” ಎಂದು ಎದ್ದು ಅಡುಗೆಮನೆಯ ಕಡೆ ಹೋದರು.

ಕಾನೂನಿನ ದಾರಿಯೂ ಇತ್ತು. ದೈವದ ಕೋಪದ ಹೆದರಿಕೆ ಹುಟ್ಟಿಸಿ ಮತದಾರರ ಮನಸ್ಸು ತಿರುಗಿಸುವುದು ಚುನಾವಣಾ ಕಾನೂನಿನ ಪ್ರಕಾರ ಅನುಚಿತ ಪ್ರಭಾವ, ಅಂದರೆ ಶಿಕ್ಷೆಗೆ ದಾರಿಯಾಗುವ ತಪ್ಪು. ವಕೀಲೆಯಾದ ನನಗೆ ಅದು ಬಾಯಿಪಾಠ. ಆದರೂ ದೂರು ಕೊಡಲಿಲ್ಲ. ಕೊಟ್ಟಿದ್ದರೆ ಕೋರ್ಟಿನ ಹಿಂದೆ ಅಡಗಿಕೊಂಡಳು ಎನ್ನುತ್ತಿದ್ದರು. ಅಡಗುವಂಥ ಕೆಲಸ ನಾನೇನು ಮಾಡಿದ್ದೆ?

ನಾನು ಒಪ್ಪದಿರಲು ನಿಜವಾದ ಕಾರಣ ಗುಲಾಬಿ. ಚಾರ್ಮಾಡಿ ಕಡೆಯವಳು. ನಾನು ವಕೀಲಿಕೆ ಮಾಡುತ್ತಿದ್ದಾಗ ಗಂಡನ ಮೇಲೆ ಜೀವನಾಂಶದ ಕೇಸು ಹಾಕಲು ಕಂಕುಳಲ್ಲಿ ಕೂಸು ಎತ್ತಿಕೊಂಡು ಬಂದಿದ್ದಳು. ಅವಳ ಅತ್ತೆಯ ಬಳೆ ಕಾಣೆಯಾಗಿತ್ತು. ಮನೆಯವರು ಸೊಸೆಯನ್ನು ಪ್ರಮಾಣಕ್ಕೆ ನಿಲ್ಲಿಸಿದರು. ಕದ್ದಿರಲಿಲ್ಲವಾದ್ದರಿಂದ ಅವಳು ಧೈರ್ಯವಾಗಿಯೇ ಆಣೆಯಿಟ್ಟಳು. ಆ ವಾರವೇ ಕೂಸಿಗೆ ಜ್ವರ ಬಂತು. ಮಳೆಗಾಲದಲ್ಲಿ ಯಾವ ಕೂಸಿಗೆ ಜ್ವರ ಬರುವುದಿಲ್ಲ ಹೇಳಿ! ಆದರೆ ಆ ಮನೆಗೆ ತೀರ್ಪು ಸಿಕ್ಕಿಬಿಟ್ಟಿತ್ತು. ಜ್ವರದ ಕೂಸಿನ ಸಮೇತ ಅವಳನ್ನು ಹೊರಗೆ ಹಾಕಿದರು. ಕೋರ್ಟಿನಲ್ಲಿ ನಾನು ಗೆದ್ದೆ, ಜೀವನಾಂಶ ಸಿಕ್ಕಿತು. ‘ಕಳ್ಳಿ’ ಎಂಬ ಹೆಸರನ್ನು ಅಳಿಸುವ ಆದೇಶ ಮಾತ್ರ ಯಾವ ಕೋರ್ಟಿನಲ್ಲೂ ಸಿಗುವುದಿಲ್ಲ. ತಪ್ಪು ಮಾಡದವರಿಗೆ ಪ್ರಮಾಣದ ಭಯ ಯಾಕೆ ಎಂದು ಕೇಳುವವರು ಗುಲಾಬಿಯನ್ನು ಕಂಡವರಲ್ಲ. ಆಣೆಯಿಟ್ಟ ಮೇಲೆ ಮನೆಯಲ್ಲಿ ಯಾರಿಗೂ ಒಂದು ನೆಗಡಿಯೂ ಬರಕೂಡದು. ಬಂದರೆ ಅದೇ ಸಾಕ್ಷಿ.

ಸಂಕ್ರಮಣದ ಹಿಂದಿನ ದಿನ ಗುಲಾಬಿ ನರಿಕೊಂಬಿನ ಮನೆಗೆ ಬಂದಳು. ನನಗೆ ಧೈರ್ಯ ಹೇಳಲು ಬಂದಳೆಂದುಕೊಂಡೆ. ನಮ್ಮ ಮಾತು ತುಳುವಿನಲ್ಲಿ ನಡೆದದ್ದು, ಇಲ್ಲಿ ಕನ್ನಡದಲ್ಲಿ ಬರೆದಿದ್ದೇನೆ.

“ಅಕ್ಕ, ನೀವು ಪ್ರಮಾಣಕ್ಕೆ ಹೋಗಿ,” ಎಂದಳು.

“ಇದು ನೀನು ಹೇಳುವ ಮಾತಾ ಗುಲಾಬಿ?”

“ನೀವು ಸೋತ್ರೆ ನಮ್ಮಂಥವರಿಗೆ ಯಾರಿದ್ದಾರೆ? ನಿಮಗೆ ಆಗುದಿಲ್ಲ ಅಂತಾದ್ರೆ ನಾನು ನಿಲ್ತೇನೆ. ನಿಮ್ಮ ಬದಲಿಗೆ ಚಂಡಿ ಬಟ್ಟೆಯಲ್ಲಿ ನಿಂತು, ನಮ್ಮ ಅಕ್ಕ ಅಂಥವರಲ್ಲ ಅಂತ ನಾನೇ ಹೇಳ್ತೇನೆ. ನನ್ನದು ಇನ್ನು ಹೋಗ್ಲಿಕ್ಕೆ ಎಂತ ಉಂಟು?”

ಅಲ್ಲಿಯವರೆಗೂ, ಹೋಗಿ ಮುಗಿಸಿಬಿಡೋಣವೇ ಎಂಬ ಆಸೆ ನನ್ನೊಳಗೆ ಒಂದು ಮೂಲೆಯಲ್ಲಿ ಇದ್ದದ್ದು ಸುಳ್ಳಲ್ಲ. ಶಾಸಕಿಯ ಕುರ್ಚಿ ಯಾರಿಗೆ ಬೇಡ? ಅವಳ ಮಾತು ಕೇಳಿದ್ದೇ ಆ ಆಸೆ ಸತ್ತುಹೋಯಿತು. ಅಳು ಒತ್ತರಿಸಿ ಬರುತ್ತಿತ್ತು, ಅದನ್ನು ಮುಚ್ಚಲು ಬೈಗುಳದ ಹಾಗೆ ಜೋರಾಗಿ ಹೇಳಿದೆ.

“ನಿನ್ನನ್ನು ಇನ್ನೊಮ್ಮೆ ಚಂಡಿ ಬಟ್ಟೆಯಲ್ಲಿ ನಿಲ್ಲಿಸ್ಲಿಕ್ಕಾ ನಾನು ಎಂಎಲ್‌ಎ ಆದದ್ದು? ನಾನೂ ನಿಲ್ಲುದಿಲ್ಲ, ನೀನೂ ನಿಲ್ಲುದಿಲ್ಲ. ಸೀಟು ಹೋಗ್ಲಿ, ಹಾಳಾಗಿ ಹೋಗ್ಲಿ!”

ಅವಳು ಅತ್ತಳು, ಕೊನೆಗೆ ನಾನೂ ಅತ್ತೆ. ಊಟ ಮಾಡಿಸಿ ಬಸ್ಸು ಹತ್ತಿಸಿದೆ.

ಸಂಕ್ರಮಣದ ಬೆಳಿಗ್ಗೆ ಎದುರಾಳಿ ತಮ್ಮವರೊಡನೆ ದೈವಸ್ಥಾನದ ಅಂಗಳದಲ್ಲಿ ಕಾದರು. ಅದೇ ಹೊತ್ತಿಗೆ ನಾನು ಅನುಮತಿ ಪಡೆದು, ಅರ್ಧ ಎದ್ದ ಸೇತುವೆಯ ಕಂಬಗಳ ಬುಡದಲ್ಲಿ ಸಭೆ ಇಟ್ಟುಕೊಂಡೆ. ಜನ ಹೆಚ್ಚಿರಲಿಲ್ಲ, ಮಜಾ ಇದ್ದದ್ದು ಆ ಕಡೆ ತಾನೆ. ಭಾಷಣ ಮಾಡದೆ ಮೈಕನ್ನು ಜನರತ್ತ ಚಾಚಿ, ಯಾರು ಏನು ಬೇಕಾದರೂ ಕೇಳಿ ಎಂದೆ. ಆಚೆ ದಡದ ಹಿರಿಯ ಕೃಷಿಕರೊಬ್ಬರು ಎದ್ದರು.

“ತಪ್ಪು ಮಾಡದಿದ್ರೆ ಹೆದರುದು ಎಂತಕ್ಕೆ ಮೇಡಂ? ಹೋಗಿ ಹೇಳಿ ಬರ್ಬಹುದಿತ್ತಲ್ಲ?”

“ಹೇಳ್ಲಿಕ್ಕೇ ಇಲ್ಲಿಗೆ ಬಂದದ್ದು. ವೋಟು ಕೊಟ್ಟದ್ದು ನೀವು, ಕೇಳುವ ಹಕ್ಕೂ ನಿಮ್ಮದು. ಕಂಬ ಇಲ್ಲಿಗೆ ಬಂದದ್ದು ಇಲ್ಲಿ ಬಂಡೆ ಉಂಟು ಅಂತ. ಬಂಡೆಗೆ ನನ್ನ ತಮ್ಮ ಯಾರು ಅಂತ ಗೊತ್ತಿಲ್ಲ. ಸಂಶಯ ಇದ್ರೆ ತನಿಖೆ ಮಾಡಿಸಿ, ತಪ್ಪು ಸಿಕ್ಕಿದ್ರೆ ಜೈಲಿಗೆ ಹಾಕಿ. ಆದ್ರೆ ಇವತ್ತು ನಾನು ಚಂಡಿ ಬಟ್ಟೆಯಲ್ಲಿ ನಿಂತ್ರೆ ನಾಳೆ ನಿಮ್ಮ ಮಗಳನ್ನು ನಿಲ್ಲಿಸ್ತಾರೆ. ಎಂಎಲ್‌ಎಯೇ ನಿಂತಿದ್ದಾರೆ, ನೀನು ಯಾವ ಲೆಕ್ಕ ಅಂತ ಕೇಳ್ತಾರೆ. ಆಗ ಎಂತ ಹೇಳ್ತೀರಿ?”

ಅವರು “ಅದು ಸರಿ,” ಎಂದು ಕೂತರು. ಆದರೂ ಅವರು ನನಗೆ ವೋಟು ಹಾಕಲಿಲ್ಲ. ಆಮೇಲೊಂದು ದಿನ ಅವರೇ ಸಿಕ್ಕಿ ಹೇಳಿದರು: “ನಿಮ್ಮ ಮಾತು ಸರಿ ಮೇಡಂ, ಆದ್ರೆ ಮನಸ್ಸಿಗೆ ಹೆದರಿಕೆ ಆಯ್ತು.” ಅವರ ಮೇಲೆ ನನಗೆ ಸಿಟ್ಟಿಲ್ಲ. ಆ ಹೆದರಿಕೆ ಹುಟ್ಟಿಸಿದವರ ಮೇಲೆ ಇದೆ.

ಅತ್ತ ದೈವದ ಎದುರು ನನಗಾಗಿ ಒಂದು ಮಣೆ ಹಾಕಿಟ್ಟಿದ್ದರಂತೆ. ಎದುರಾಳಿ ಕೊಡಪಾನದ ನೀರು ಸುರಿದುಕೊಂಡು, ತಮ್ಮ ಆರೋಪ ಸತ್ಯವೆಂದು ಆಣೆಯಿಟ್ಟರು. ಪಕ್ಕದಲ್ಲಿ ಖಾಲಿ ಮಣೆ. ಆ ಮಣೆಯ ಫೋಟೋ ಮಧ್ಯಾಹ್ನದೊಳಗೆ ಕ್ಷೇತ್ರದ ಪ್ರತಿ ಮೊಬೈಲಿಗೂ ತಲುಪಿತು. ನನ್ನ ಎರಡು ಅವಧಿಯ ರಸ್ತೆ, ಶಾಲೆ, ನೀರು ಎಲ್ಲವೂ ಆ ಮರದ ತುಂಡಿನ ಎದುರು ಸೋತವು. ಎಷ್ಟು ಮತಗಳಿಂದ ಸೋತೆ ಎಂದು ಬರೆಯುವುದಿಲ್ಲ. ಎಣಿಕೆ ಕೇಂದ್ರದಿಂದ ಹೊರಗೆ ಬರುವಾಗ ಪಟಾಕಿಯ ಹೊಗೆಯ ನಡುವಿನಿಂದ ಯಾರೋ “ಮಣೆ ಮೇಡಂ!” ಎಂದು ಕೂಗಿದರು. ನಿಂತು, ಆ ಕಡೆಗೆ ತಿರುಗಿ ಕೈಮುಗಿದೆ. ತಲೆ ತಗ್ಗಿಸಲಿಲ್ಲ.

ಕೆಲವು ತಿಂಗಳ ಮೇಲೆ ಸಂಜೀವಣ್ಣ ಕುಣಿಯುತ್ತಾ ಮನೆಗೆ ಬಂದರು. “ನೋಡಿದ್ರಾ ಮೇಡಂ! ಅವರ ಕಾಲು ಉಳುಕಿದೆಯಂತೆ, ನೆಲಕ್ಕೆ ಊರ್ಲಿಕ್ಕೆ ಆಗುದಿಲ್ವಂತೆ. ಸುಳ್ಳು ಪ್ರಮಾಣ ಮಾಡಿದ್ದಕ್ಕೆ ದೈವ ತೋರಿಸ್ಲಿಲ್ವಾ?”

“ಸಂಜೀವಣ್ಣ, ಅವರು ಬಚ್ಚಲಿನಲ್ಲಿ ಜಾರಿ ಬಿದ್ದದ್ದು.”

“ಹೌದು, ಆದ್ರೆ ಜಾರಿಸಿದ್ದು ಯಾರು?”

“ಸಾಬೂನು!” ಎಂದೆ. “ಈ ಮಾತು ಹೊರಗೆ ಎಲ್ಲಾದ್ರೂ ಆಡಿದ್ರೆ ನನ್ನ ಮೆಟ್ಟಿಲು ಹತ್ತಬೇಡಿ.” ಪಾಪ, ಮುಖ ಸಣ್ಣ ಮಾಡಿಕೊಂಡು ಚಹಾ ಕುಡಿದು ಹೋದರು. ನನಗೆ ಲಾಭವಾಗುವ ಉಳುಕನ್ನು ದೈವದ ತೀರ್ಪು ಎಂದು ಒಪ್ಪಿದರೆ, ಗುಲಾಬಿಯ ಕೂಸಿನ ಜ್ವರವನ್ನೂ ಒಪ್ಪಬೇಕಾಗುತ್ತದೆ. ಅದು ಈ ಜನ್ಮದಲ್ಲಿ ನನ್ನಿಂದಾಗದು.

ಸೇತುವೆ ಅದೇ ಬಂಡೆಯ ಮೇಲೆ ಪೂರ್ತಿಯಾಯಿತು. ಹೊಸ ಶಾಸಕರು ಬಂದು ಉದ್ಘಾಟಿಸಿದರು. ಜಾಗ ಬದಲಾದದ್ದರ ಬಗ್ಗೆ ತನಿಖೆ ಮಾಡಿಸಿ ಎಂದು ನಾನೇ ಸಭೆಗಳಲ್ಲಿ ಸವಾಲು ಹಾಕಿದೆ, ಅವರು ಮಾಡಿಸಲಿಲ್ಲ. ಮುಂದಿನ ಚುನಾವಣೆಯಲ್ಲಿ ಮತ್ತೆ ನಿಂತೆ. ಖಾಲಿ ಮಣೆಯ ಫೋಟೋ ಮತ್ತೆ ಹೊರಬಂತು, ಮತ್ತೆ ಸೋತೆ. ಅಲ್ಲಿಗೆ ನನ್ನ ಚುನಾವಣಾ ರಾಜಕೀಯ ಮುಗಿಯಿತು. ಈಗ ಮತ್ತೆ ಕರಿಕೋಟು ಹಾಕಿಕೊಂಡು ಬಂಟ್ವಾಳದ ಕೋರ್ಟಿಗೆ ಹೋಗುತ್ತೇನೆ.

ಇತ್ತೀಚೆಗೆ ಗುಲಾಬಿಯ ಫೋನ್ ಬಂತು. ಅಂದು ಜ್ವರ ಬಂದಿದ್ದ ಅವಳ ಕೂಸು ಅಶ್ವಿನಿ ಈಗ ಬೆಳ್ತಂಗಡಿಯ ಒಂದು ಬಟ್ಟೆ ಅಂಗಡಿಯಲ್ಲಿ ಕೆಲಸಕ್ಕಿದ್ದಾಳೆ. ಅಂಗಡಿಯಲ್ಲಿ ಗಿರಾಕಿಯೊಬ್ಬರ ಚಿನ್ನದ ಸರ ಕಾಣೆಯಾಯಿತಂತೆ. ಕೆಲಸದ ಹುಡುಗಿಯರೆಲ್ಲ ಪ್ರಮಾಣಕ್ಕೆ ಬರಬೇಕು ಎಂದು ಧಣಿ ಕಟ್ಟಪ್ಪಣೆ ಮಾಡಿದರಂತೆ.

“ಅವಳು ಎಂತ ಹೇಳಿದ್ಲು ಗೊತ್ತುಂಟಾ ಅಕ್ಕ? ‘ನಮ್ಮ ಎಂಎಲ್‌ಎ ಸೀಟು ಹೋದ್ರೂ ಪ್ರಮಾಣಕ್ಕೆ ಹೋಗ್ಲಿಲ್ಲ. ನಾನೂ ಬರುದಿಲ್ಲ. ಸಂಶಯ ಇದ್ರೆ ಪೊಲೀಸರನ್ನು ಕರೀರಿ, ಅವರು ಬರುವವರೆಗೆ ಇಲ್ಲೇ ಕೂತಿರ್ತೇನೆ’ ಅಂತ ಹೇಳಿ ನೆಲದಲ್ಲಿ ಕೂತ್ಲಂತೆ. ಉಳಿದ ಹುಡುಗಿಯರೂ ಬಂದು ಅವಳ ಹತ್ತಿರ ಕೂತ್ರಂತೆ.”

ಸರ ಸಿಕ್ಕಿತೇ ಎಂದು ಓದುವವರು ಕೇಳಬಹುದು. ಹೇಳುವುದಿಲ್ಲ. ಸಿಕ್ಕಿದ್ದರೂ ಸಿಗದಿದ್ದರೂ ಆ ಹುಡುಗಿ ಕೂತದ್ದು ಸರಿ. ವಕೀಲಿಕೆ, ರಾಜಕೀಯ ಎರಡೂ ಸೇರಿ ನನಗೆ ಕಲಿಸಿದ ಪಾಠ ಇಷ್ಟೇ: ಅಧಿಕಾರದಲ್ಲಿ ಇರುವವರು ಯಾವುದಕ್ಕೆ ಬಗ್ಗುತ್ತಾರೋ, ಅದಕ್ಕೆ ನಾಳೆ ಕೆಳಗಿನವರನ್ನು ಕುತ್ತಿಗೆ ಹಿಡಿದು ಬಗ್ಗಿಸುತ್ತಾರೆ. ಆದ್ದರಿಂದ ಕೆಲವು ಕಡೆ ಸೋತರೂ ನೆಟ್ಟಗೆ ನಿಲ್ಲಬೇಕು.

ಫೋನಿನಲ್ಲಿ ನಾನು ತಮಾಷೆ ಮಾಡಿದೆ. “ನಿನ್ನ ಮಗಳು ಲೆಕ್ಕ ತಪ್ಪಿದ್ದಾಳೆ ಗುಲಾಬಿ. ಮಾಜಿ ಎಂಎಲ್‌ಎ ಅನ್ಬೇಕಿತ್ತು.”

“ಇಲ್ಲ ಅಕ್ಕ,” ಎಂದಳು ಗುಲಾಬಿ. “ನಾನು ಕೂಡ ಅದನ್ನೇ ಹೇಳಿದೆ. ‘ಯಾವ ಮಾಜಿ ಅಮ್ಮ, ನಮ್ಮ ಎಂಎಲ್‌ಎ’ ಅಂತ ನನಗೇ ಬೈದ್ಲು.”