ಶಾವೆಲಿನ ಬಾಲ

ಆಗ ನನಗ ಐವತ್ತೊಂಬತ್ತು. ಈಗ ಅದಕ್ಕ ಹತ್ತು ವರ್ಷ ಆಗಾಕ ಬಂತು.

ತೇರಗಾಂವದ ಈಚೀಕ ನಮ್ಮ ಮನಿ. ಜೋಯ್ಡಾ ಕಡೆ ಮ್ಯಾಂಗನೀಸ್ ಗಣಿಯೊಳಗ ನಾನೂ ನನ್ನ ಗಂಡನೂ ವಯಸ್ಸೆಲ್ಲಾ ದುಡದವರು. ಅವಂದು ಶಾವೆಲ್ ನಡಸೂ ಕೆಲಸ, ನಂದು ಆ ಶಾವೆಲ್ ಸುರದ ಕಲ್ಲಿನಾಗ ಅದಿರು ಆರಸೂ ಕೆಲಸ. ಶಾವೆಲ್ ಅಂದ್ರ ಗುಡ್ಡ ಕೆರಿಯೂ ಮಷೀನು. ಮುಂದ ಉದ್ದಾನ ತೋಳು, ತೋಳಿನ ತುದಿಗೆ ಹಲ್ಲಿನ ಬಕೆಟ್, ಬಕೆಟ್ ಎಳ್ಯಾಕ ಉಕ್ಕಿನ ಹಗ್ಗ. ಗಣಿ ಮುಚ್ಚಿದ ಮ್ಯಾಲೆ ಅದನ್ನ ಗ್ಯಾಸಿನಿಂದ ಕೊಯ್ದು ತುಂಡು ಮಾಡಿ ಗುಜರಿಗೆ ಹೊತಗೊಂಡು ಹೋದರು.

ಗಣಿ ಇದ್ದಾಗ ಖಂಡೇನವಮಿ ಆಯುಧಪೂಜಿಗೆ ಶಾವೆಲಿಗೆ ಚೆಂಡುಹೂವಿನ ಮಾಲಿ ಬೀಳ್ತಿತ್ತು, ಕುಂಬಳಕಾಯಿ ಒಡೀತಿದ್ದರು. ಪೂಜಿ ನನ್ನ ಗಂಡನ ಕೈಯಿಂದನ ಆಗಬೇಕು. ಗಣಿ ಮುಚ್ಚಿದ ಮ್ಯಾಲೆ ಹಬ್ಬ ಬಂದ್ರ ನಾನು ನನ್ನ ಕುಡಗೋಲು, ಕೊಡ್ಲಿ ತೊಳದು ಕಟಗಿ ಮಣಿ ಮ್ಯಾಲೆ ಇಡ್ತಿದ್ದೆ. "ಬಾ, ಊದಿನಕಡ್ಡಿ ಹಚ್ಚು" ಅಂದ್ರ, "ಎಲ್ಲಾ ನಿಂದಽ ಐತಲ್ಲ, ನೀನಽ ಹಚ್ಚಿಗೋ. ನಂದೇನೈತಿ ಇಡಾಕ?" ಅಂತಿದ್ದ. ಅಂದು ಒಳಗ ಹೋಗಿ ಗ್ವಾಡಿ ಕಡೆ ಮುಖ ಮಾಡಿ ಮಲಗೂದು. ಹೋಳಿಗಿ ಮಾಡಿದ್ರೂ ಏಳೂದಿಲ್ಲ.

ಆ ವರ್ಷ ಸಕ್ಕರಿ ಬ್ಯಾನಿ ಕಣ್ಣಿಗೆ ಬಂತು. ಹಳಿಯಾಳದ ಡಾಕ್ಟರು ಬ್ಯಾಟ್ರಿ ಹಿಡದು ನೋಡಿ, "ಎಡಗಣ್ಣು ಹೋಗೇತಿ ಅಜ್ಜಾ. ಬಲಗಣ್ಣೂ ಅದಽ ಹಾದಿ ಹಿಡದೈತಿ" ಅಂದ್ರು. ತಿರುಗಿ ಬರೂವಾಗ ಬಸ್ಸಿನಾಗ ಇವ ಬಾಯಿ ಬಿಟ್ಟ.

"ಶಾವೆಲ್ ಮಾಡ್ತೇನಿ. ಸಣ್ಣದು. ಮಣ್ಣು ತುಂಬಿದ ಬಕೆಟ್ ಏಳಬೇಕು. ಈ ಕಣ್ಣು ಇರೂದ್ರಾಗ ಅದನ್ನ ನೋಡಬೇಕು, ಖಂಡೇನವಮಿಗೆ ಇಡಬೇಕು."

"ಮಾಡು" ಅಂದೆ. ನಿಂತು ನಿಂತು ನನ್ನ ಕಾಲು ಸೋತಿದ್ದವು, ಮಾತು ಬೆಳಸಾಕ ಆಗಲಿಲ್ಲ. ಮಾಡಾಕಿ ನಾನಽ ಅನ್ನೂದು ಆಗ ಗೊತ್ತಿರಲಿಲ್ಲ.

ಅವಂಗ ಸಣ್ಣವು ಕಾಣ್ತಿರಲಿಲ್ಲ. ಅವ ಹೇಳಬೇಕು, ನಾ ಕೊಯ್ಯಬೇಕು. ಮೊದಲಿಗೆ ಒಂದು ಬಿದಿರಿನ ಕಡ್ಡಿ ಹೆಬ್ಬೆಟ್ಟಿನಷ್ಟು ಕೊಯಿಸಿಕೊಂಡ. "ಇದು ನಾನು. ಇದರ ಎದಿಮಟ ಚೈನು ಬರಬೇಕು. ಬಕೆಟಿನಾಗ ಇದು ಮಲಗಬೇಕು" ಅಂದ. ಎಲ್ಲಾದಕ್ಕೂ ಆ ಕಡ್ಡಿನಽ ಅಳತಿ. ದಾಂಡೇಲಿ ಗುಜರಿ ಅಂಗಡಿಯಿಂದ ಹಳೇ ಸೈಕಲ್ ಚೈನು ತಂದೆ, ಅದು ನೆಲದ ಮ್ಯಾಲೆ ಓಡೂ ಚೈನು ಆತು. ಮುರದ ಛತ್ರಿಯ ಕಡ್ಡಿ ತೋಳು ಆತು. ಎಣ್ಣಿ ಡಬ್ಬಿ ತಗಡು ಕೊಯ್ದು ಮೈ, ಡ್ರೈವರ್ ಕೂಡೂ ಕೋಣಿ, ಬಕೆಟ್. ಮೀನಿನ ಗಾಳದ ದಾರ ಹಗ್ಗ. ಬಕೆಟಿನ ಹಲ್ಲು ಮೊಳಿ ತುದಿ, ಒಂದೊಂದೂ ಅರದಿಂದ ತಿಕ್ಕಿ ಕೂಡ್ರಿಸಿದ್ದು.

ಹಗ್ಗ ಸುತ್ತೂ ಗಾಲಿ ಬೇಕಾತು. ಬಾಜೂ ಮನ್ಯಾಕಿ ಹೊಲಿಯೂ ಮಷೀನು ಇಟ್ಟಾಕಿ, ಅಕಿ ಕಡೆ ಹೋದೆ.

"ಏನವಾ, ಮೊಮ್ಮಕ್ಕಳಿಗೆ ಆಟಿಕಿ ಮಾಡೂದು ಬಿಟ್ಟು ಗಂಡಗ ಮಾಡಾಕತ್ತೀಯಂತ?"

"ಮೊಮ್ಮಕ್ಕಳು ಇಷ್ಟು ಹಠ ಮಾಡೂದಿಲ್ಲವಾ. ಎರಡು ಬಾಬಿನ್ ಕೊಡು, ನಗೂದು ಆಮ್ಯಾಲೆ ನಗು."

ಕೊಟ್ಟಳು. ನಕ್ಕಳೂ ನಕ್ಕಳು.

ಭತ್ತದ ಕಳೇ ದಿನ ಅವು. ಗದ್ದ್ಯಾಗ ಬಗ್ಗಿ ಬಗ್ಗಿ ನಡಾ ಹಿಡದಿರತಿತ್ತು. ಮನಿಗೆ ಬಂದು ರೊಟ್ಟಿ ಬಡದು ಒಂದೀಟು ಕಾಲು ಚಾಚೂಣು ಅಂದ್ರ ಇವ ತಗಡು ಹಿಡಕೊಂಡು ಬಾಗಲದಾಗ ಕುಂತಿರತಿದ್ದ. ನಾ ಮಾಡಿದ್ದನ್ನ ಕೈಬಟ್ಟಿನಿಂದ ಮುಟ್ಟಿ ನೋಡೂದು, "ಕಿಡಕಿ ಇಲ್ಲಿ ಅಲ್ಲ, ಇನ್ನಷ್ಟು ಮ್ಯಾಲೆ" ಅನ್ನೂದು. ಮತ್ತ ಕೊಯ್ಯೂದು. ನನ್ನ ಕೈಬಟ್ಟುಗಳೆಲ್ಲಾ ತಗಡು ಸೀಳಿ ಹುಣಸಿಹುಳಿ ಕಲಸಾಕ ಬರದಂಗ ಆಗಿದ್ದವು. "ಸುಡು ನಿನ್ನ ಶಾವೆಲ್‌ನ" ಅಂತ ಒಗದದ್ದೂ ಐತಿ. ಅವ ತಡವಾಡಿ ಹುಡಕಿ ತಂದು ಮತ್ತ ನನ್ನ ಉಡಿಯಾಗ ಇಡ್ತಿದ್ದ. ಬಲಗಣ್ಣಿನಾಗ ಮಂಜು ದಿನಾ ಕೂಡ್ತಿತ್ತು, ಅದು ಇಬ್ಬರಿಗೂ ಗೊತ್ತಿತ್ತು.

ಹಬ್ಬ ನಾಳೆ ಅಂದ್ರ ಇಂದು ಮುಗೀತು. ಇನ್ನೂ ಬಿಸಲಿತ್ತು, ಅಂಗಳಕ್ಕ ತಂದಿಟ್ಟೆ. ಬಕೆಟಿನಾಗ ಮಣ್ಣು ತುಂಬಿ, ಬಾಬಿನ್‌ಗೆ ಹಚ್ಚಿದ ತಂತಿ ಹಿಡಿಕಿ ತಿರುವಿದೆ. ಬಕೆಟ್ ಏಳಲಿಲ್ಲ, ಶಾವೆಲಿನ ಕುಂಡಿ ಎದ್ದಿತು. ಮೂಗು ಮುಂದ ಮಾಡಿ ಬೋರಲ ಬಿತ್ತು. ಎತ್ತಿ ಇಟ್ಟು ಮತ್ತ ತಿರುವಿದೆ, ಮತ್ತ ಬಿತ್ತು.

"ಎದ್ದಿತೇನು?" ಅಂದ.

"ಬಿತ್ತು."

ಅವನ ಮುಖ ಸಣ್ಣಗಾತು. "ತೋಳು ಉದ್ದ ಕೊಯ್ದೀದಿ ನೀನು" ಅಂದ. ಕಡ್ಡಿ ಹಚ್ಚಿ ಅಳದೆ, ಅಳತಿ ಸರಿ ಇತ್ತು. ಕುಂತು ನೋಡಿದೆ. ಆಗ ತಿಳೀತು.

"ಇದರ ಬಾಲ ಎಲ್ಲಿ?"

"ಎಂಥಾ ಬಾಲ? ಎಮ್ಮಿ ಏನು ಅದು?"

ಗಣಿಯೊಳಗ ಹೆಂಗಸ್ರು ಶಾವೆಲಿನ ಬಾಯಿಗೆ ಅಂಜತಿರಲಿಲ್ಲ, ಬಾಯಿ ಕಣ್ಣ ಮುಂದ ಇರತಿತ್ತು. ಅಂಜತಿದ್ದದ್ದು ಬಾಲಕ್ಕ. ಮಷೀನು ಗರ್ರನ ತಿರುಗಿದ್ರ ಹಿಂದಿನ ಕಬ್ಬಿಣದ ದೊಡ್ಡ ಪೆಟಗಿ ಸೊಂಟಕ್ಕ ಬಡೀತಿತ್ತು. "ಬಾಲ ಬಂತು, ಸರೀರಿ!" ಅಂತ ಕೆಲಸ ಮಾಡಸೂ ಮುಕಾದಮ ದಿನಾ ಒದರತಿದ್ದ. ಮುಂದಿನ ಭಾರಕ್ಕ ಹಿಂದ ಭಾರ ಅದು. ನನ್ನ ಗಂಡ ಗಣಿಗೆ ಸೇರಿದಾಗಿಂದ ಮುಂದಽ ನೋಡಿಕೋಂತ ಕುಂತಾಂವ. ಬೆನ್ನ ಹಿಂದ ಏನೈತಿ ಅಂತ ನೋಡೂ ಪ್ರಮೇಯ ಅವಂಗ ಬಂದಿರಲಿಲ್ಲ. ಹೇಳಾಂವ ಅವ, ಮಾಡಾಕಿ ನಾನು. ನಾನೂ ಹೇಳಿದಷ್ಟಽ ಮಾಡಿದ್ದೆ.

ಹೇಳಿದೆ. ಅವ ಶಾವೆಲಿನ ಬೆನ್ನು ತಡವಿ ನೋಡಿದ. "ಹೌದ. ಪೆಟಗಿ ಇತ್ತು" ಅಂದ.

ಉಳದ ತಗಡಿನಿಂದ ಪೆಟಗಿ ಮಾಡಿ ಹಿಂದ ಕೂಡ್ರಿಸಿದೆ. ಒಳಗ ತುಂಬಾಕ ಉಸುಕು ಹಗೂರ ಆತು. ಉಪ್ಪಿನಕಾಯಿ ಭರಣಿ ಮ್ಯಾಲೆ ಹೇರಿಟ್ಟ ಅದಿರಿನ ಕಲ್ಲು ಒಂದಿತ್ತು, ಹಿಡಿಯಷ್ಟಿದ್ರೂ ಕೈ ಜಗ್ಗತಿತ್ತು. ಅದನ್ನ ಕುಟ್ಟಿ ತುಂಬಾಕತ್ತಿದೆ.

"ಅದಿರು ಬಕೆಟಿನಾಗ ತುಂಬೂದಲೇ, ಹಿಂದ ಅಲ್ಲ!"

"ಬಾಯಿ ಮುಚಗೊಂಡು ಹಿಡಿಕಿ ಹಿಡಿ."

ಹಿಡದ. ನಾನು ಶಾವೆಲನ್ನ ಬಿಸಲಿಗೆ ತಿರುವಿದೆ. ಅವ ನೆಲಕ್ಕ ಗದ್ದ ಹಚ್ಚಿ, ಬಲಗಣ್ಣು ಬಕೆಟಿನ ಬಾಜೂಕ ತಂದು ಹಿಡಿಕಿ ತಿರುವಿದ. ದಾರ ಬಿಗೀತು. ಮೈ ಅಲುಗಲಿಲ್ಲ. ಮಣ್ಣು ತುಂಬಿದ ಬಕೆಟ್ ನೆಲ ಬಿಟ್ಟು ತೂಗಾಡಿಕೋಂತ ಮ್ಯಾಲೆ ಹೋತು.

"ಕಂಡಿತೇನು?"

"ಹಗ್ಗ ಕಾಣವಲ್ದು" ಅಂದ. ಮತ್ತ, "ಬಕೆಟ್ ಕಾಣತೈತಿ. ಹಲ್ಲು ಮಿಂಚತಾವ" ಅಂದ.

ಇಳಿಸಿದ, ಎತ್ತಿದ. ಹೊತ್ತು ಮುಣುಗೂ ತನಕ ಅದಽ ನಡದಿತ್ತು. ನಾನು ಅಲ್ಲೇ ಜಗಲಿ ಕಟ್ಟಿಗೆ ಬೆನ್ನು ಕೊಟ್ಟು ಕುಂತಿದ್ದೆ. ಎದ್ದು ಒಲಿ ಹಚ್ಚಾಕ ಆಗಲಿಲ್ಲ. ಮುಂಜಾನಿ ರೊಟ್ಟಿಗೆ ಉಪ್ಪಿನಕಾಯಿ ಹಚಗೊಂಡು ಉಂಡಿವಿ.

ಮರುದಿನ ಮುಂಜಾನಿ ಅಂಗಳ ಸಾರಿಸಿದೆ. ಕುಡಗೋಲು, ಕೊಡ್ಲಿ ತೊಳದು ಮಣಿ ಮ್ಯಾಲೆ ಇಟ್ಟು ನಡುವ ಜಾಗ ಬಿಟ್ಟೆ. ಅವ ಜಳಕ ಮಾಡಿ ಶಾವೆಲ್ ಎತಗೊಂಡು ಬಂದು ತಾನಽ ಇಟ್ಟ, ತಾನಽ ಊದಿನಕಡ್ಡಿ ಹಚ್ಚಿದ. ಅವತ್ತು ಆಯುಧ ಮುಟ್ಟೂದಿಲ್ಲ, ಗದ್ದಿಗೆ ಹೋಗೂದಿಲ್ಲ. ನಾನು ಒಳಗ ಹೋಗಿ ಚಾಪಿ ಹಾಸಿಕೊಂಡು ಕಾಲು ಚಾಚಿ ಮಲಗಿದೆ.