ಕೈಗೆ ಎರೆದ ನೀರು

ಹೋದ ತಿಂಗಳು ನಮ್ಮ ಸೋದರತ್ತೆ ಅರಕೇರಾದಲ್ಲಿ ತೀರಿಕೊಂಡಳು. ನಮ್ಮಪ್ಪನ ಅಕ್ಕ. ಮೈ ತೊಳೆಯುವ ಕೆಲಸ ನನ್ನ ಪಾಲಿಗೆ ಬಂತು. ತಲೆ ತೊಳೆದೆ, ಮುಖ ತೊಳೆದೆ, ಅಳು ಬರಲಿಲ್ಲ. ಬಲಗೈಗೆ ನೀರು ಹಾಕಲು ಚೊಂಬು ಎತ್ತಿದಾಗ ಮಾತ್ರ ಅದನ್ನು ಹಿಡಿದು ಕೂತುಬಿಟ್ಟೆ. ಆ ಕೈಯ ಮೇಲೆ ಒಮ್ಮೆ ಇನ್ನೊಬ್ಬರು ನೀರು ಎರೆದದ್ದನ್ನು ನಾನು ಕಂಡಿದ್ದೆ. ಅದನ್ನು ಕಂಡವರಲ್ಲಿ ಈಗ ಉಳಿದವಳು ನಾನೊಬ್ಬಳೇ. ಅದಕ್ಕೇ ಬರೆಯುತ್ತಿದ್ದೇನೆ.

ಅದು ನಿಜಾಮರ ಕಾಲ, ದೊಡ್ಡ ಯುದ್ಧ ನಡೆದ ವರ್ಷಗಳು. ನನ್ನನ್ನು ರಾಯಚೂರಿಗೆ ಕೊಟ್ಟಿದ್ದರು. ಅಪ್ಪ ಮೊದಲೇ ತೀರಿಹೋಗಿದ್ದ. ಅರಕೇರಾದ ಮನೆಯಲ್ಲಿ ಅವ್ವ ಮತ್ತು ಅತ್ತೆ ಇಬ್ಬರೇ. ಅಪ್ಪ, ಅವ್ವ, ನಾನು ಮೂವರೂ ದೀಕ್ಷಾಸ್ನಾನ ಪಡೆದು ಕ್ರೈಸ್ತ ಸಭೆಗೆ ಸೇರಿದವರು. ಅತ್ತೆ ಸೇರಲಿಲ್ಲ. ಯಾರಾದರೂ ಕೇಳಿದರೆ, "ಈ ವಯಸ್ಸಿನಾಗ ತಲಿಗೆ ತಣ್ಣೀರು ಹಾಕ್ಸಿಕೊಂಡ್ರ ನೆಗಡಿ ಆಗ್ತದ" ಅನ್ನುತ್ತಿದ್ದಳು. ಅವ್ವ ಪ್ರಾರ್ಥನೆಗೆ ಕೂತಾಗ ಮಾತ್ರ ಬೀಸುವ ಕಲ್ಲು ನಿಲ್ಲಿಸುತ್ತಿದ್ದಳು.

ಆ ಚಳಿಗಾಲದಲ್ಲಿ ಅವ್ವನಿಗೆ ಲಕ್ವ ಹೊಡೆಯಿತು. ಎಡಭಾಗ ಬಿದ್ದುಹೋಯಿತು, ಹಲ್ಲು ಕಚ್ಚಿಕೊಂಡವು, ಗಂಟಲು ಇಳಿಸುವುದನ್ನೇ ಮರೆಯಿತು. ಅತ್ತೆ ಬೆರಳಿನಿಂದ ಗಂಜಿ ಹಾಕಿ ಹೇಗೋ ಉಳಿಸಿಕೊಂಡಿದ್ದಳು. ಅವ್ವನ ಬಾಯಿಂದ ತಿಳಿಯುವ ಹಾಗೆ ಬರುತ್ತಿದ್ದದ್ದು ಒಂದೇ ಮಾತು: "ಭೋಜನ." ಕರ್ತನ ಭೋಜನ, ಆರಾಧನೆಯಲ್ಲಿ ಯೇಸುವಿನ ದೇಹವೆಂದು ಆಶೀರ್ವದಿಸಿ ಕೊಡುವ ರೊಟ್ಟಿ. ಸಾಯುವ ಮೊದಲು ಆ ರೊಟ್ಟಿಯ ತುಣುಕು ಒಮ್ಮೆ ಬಾಯಿಗೆ ಬೀಳಬೇಕು, ಅಷ್ಟೇ ಅವಳ ಆಸೆ.

ನಮ್ಮ ಸಭೆಯಲ್ಲಿ ಆ ರೊಟ್ಟಿಯನ್ನು ಆಶೀರ್ವದಿಸುವ ಅಧಿಕಾರ ಬಿಷಪ್ಪರು ಮತ್ತು ಅವರ ಕೆಳಗಿನ ಪಾದ್ರಿಗಳಿಗೆ ಮಾತ್ರ. ರಾಯಚೂರಿನ ಪಾದ್ರಿಗಳನ್ನು ನಾವು ದೊಡ್ಡ ಅಯ್ಯನವರು ಅನ್ನುತ್ತಿದ್ದೆವು. ಮಾನ್ವಿ, ದೇವದುರ್ಗ ಎಲ್ಲ ಅವರೊಬ್ಬರಿಗೇ ಸೇರಿದ್ದರಿಂದ ಒಂದೂರಿಗೆ ಅವರು ತಿಂಗಳುಗಟ್ಟಲೆ ಬರುತ್ತಿರಲಿಲ್ಲ. ಅವರ ಕೈಕೆಳಗೆ ಒಬ್ಬರು ಸಭಾಸೇವಕರಿದ್ದರು. ಜನ ಅವರನ್ನು ಸಣ್ಣ ಅಯ್ಯನವರು ಅನ್ನುತ್ತಿದ್ದರು. ಅವರು ಆಶೀರ್ವದಿಸುವ ಹಾಗಿಲ್ಲ, ಪಾಪ ಕ್ಷಮೆಯಾಯಿತೆಂದು ಸಾರುವ ಹಾಗಿಲ್ಲ. ಸುವಾರ್ತೆ ಓದುವುದು, ದೊಡ್ಡ ಅಯ್ಯನವರು ರೊಟ್ಟಿ ಮುಟ್ಟುವ ಮೊದಲು ಅವರ ಕೈಗೆ ನೀರು ಎರೆಯುವುದು, ಆಮೇಲೆ ಆ ರೊಟ್ಟಿಯನ್ನು ಹಾಸಿಗೆ ಹಿಡಿದವರ ಮನೆಗೆ ಒಯ್ಯುವುದು, ಯಾರ ಮನೆಯಲ್ಲಿ ಜ್ವರ, ಯಾರ ಮನೆಯಲ್ಲಿ ಒಲೆ ಹೊತ್ತಿಲ್ಲ ಎಂದು ನೋಡುವುದು ಅವರ ಕೆಲಸ. ಪಡ್ಡೆ ಹುಡುಗರು "ಅರ್ಧ ಅಯ್ಯ ಬಂದ" ಅಂತ ನಗುತ್ತಿದ್ದರು. "ಅರ್ಧ ಯಾಕಲೇ? ಕಾಲು ಎಣಿಸ್ರಿ, ಎರಡೂ ಅದಾವ. ನಂದು ನಡಿಯೋ ಕೆಲಸ" ಅನ್ನುತ್ತಿದ್ದರು ಅವರು. ಬಹಳ ಮಾತಿನ ಮನುಷ್ಯ. ಎತ್ತು ಕಂಡರೂ ನಿಂತು ಮಾತಾಡಿಸುತ್ತಿದ್ದರು.

ದೊಡ್ಡ ಅಯ್ಯನವರು ಭಾನುವಾರ ಮಾನ್ವಿಯಲ್ಲಿರುತ್ತಾರೆಂದು ತಿಳಿದು, ನಾನು ಹಿಂದಿನ ದಿನವೇ ರಾಯಚೂರಿನಿಂದ, ಪೆಟ್ರೋಲು ಸಿಗದ ಆ ದಿನಗಳಲ್ಲಿ ಇದ್ದಿಲ ಹೊಗೆಯಿಂದ ಓಡುತ್ತಿದ್ದ ಬಸ್ಸು ಹಿಡಿದು ಅಲ್ಲಿಗೆ ಹೋದೆ. ಬೆಳಗಿನ ಜಾವ ಆರಾಧನೆ. ಸಣ್ಣ ಅಯ್ಯನವರು ಎಡಗೈ ಮೇಲೆ ಬಿಳಿ ಟವೆಲ್ಲು ಹಾಕಿಕೊಂಡು, ಕೆಳಗೆ ಬೋಗುಣಿ ಹಿಡಿದು, ದೊಡ್ಡ ಅಯ್ಯನವರ ಕೈಗೆ ನೀರು ಎರೆದರು. ಎಳೆಯಂಥ ಸಣ್ಣ ಧಾರೆ, ಒಂದು ಹನಿಯೂ ನೆಲಕ್ಕೆ ಬೀಳಲಿಲ್ಲ. ಎರೆದು ಮುಗಿಯುವವರೆಗೂ ತಲೆ ಬಾಗಿಸಿಯೇ ಇದ್ದರು.

ಆರಾಧನೆ ಮುಗಿದ ಮೇಲೆ ಸಣ್ಣ ಅಯ್ಯನವರು ರೊಟ್ಟಿಯ ಒಂದು ತುಣುಕನ್ನು ಪುಟ್ಟ ಬೆಳ್ಳಿ ಡಬ್ಬಿಯಲ್ಲಿಟ್ಟು ಅದಕ್ಕೆ ದಾರ ಕಟ್ಟಿದರು. ಕೊರಳಿಗೆ ಹಾಕಿಕೊಳ್ಳುವ ಮೊದಲು ನನ್ನನ್ನು ಕರೆದರು.

"ತಂಗೆವ್ವಾ, ಇದು ಕೊಳ್ಳಾಗ ಬಿತ್ತಂದ್ರ ನಾ ಮಾತಾಡಂಗಿಲ್ಲ. ದಾರ್ಯಾಗ ಯಾರರ ಕೇಳಿದ್ರ ನೀನ ಹೇಳು. ನಾ ಈಗ ಗಾಡಿ ಇದ್ದಂಗ. ಗಾಡಿ ಎಲ್ಲರ ಮಾತಾಡ್ತದೇನು?"

ಸಿರವಾರದ ತನಕ ಒಬ್ಬರ ಬಂಡಿ ಸಿಕ್ಕಿತು. ಅಲ್ಲಿಂದ ನಡಿಗೆ. ಎರಡೂ ಕಡೆ ಬಿಳಿಜೋಳ ತೆನೆ ಹಿಡಿದು ನಿಂತಿತ್ತು. ಅಂಥ ಮಾತಿನ ಮನುಷ್ಯ ತುಟಿ ಮುಚ್ಚಿ ಮುಂದೆ ಮುಂದೆ ನಡೆಯುತ್ತಿದ್ದರೆ ನನಗೆ ಒಂಥರಾ ಭಯವಾಗುತ್ತಿತ್ತು. ಹೊಲದ ದಾರಿಯಲ್ಲಿ ನಾವಿಬ್ಬರೇ ಇದ್ದರೂ ಮತ್ತೆ ಮತ್ತೆ ಸೆರಗು ಸರಿಮಾಡಿಕೊಳ್ಳುತ್ತಿದ್ದೆ.

ಬಿಸಿಲು ನೆತ್ತಿಗೆ ಬಂದಾಗ ಒಂದು ಬಾವಿ ಸಿಕ್ಕಿತು. ಹಣೆ ತುಂಬ ವಿಭೂತಿ ಹಚ್ಚಿದ ಒಬ್ಬ ಮುದುಕ ಕಟ್ಟೆಯ ಮೇಲೆ ಕೂತಿದ್ದ. ಸಣ್ಣ ಅಯ್ಯನವರ ಅಂಗಿ ಬೆವರಿಗೆ ಮೈಗೆ ಅಂಟಿ, ಎದೆಯ ಮೇಲಿನ ಡಬ್ಬಿ, ದಾರ ಎರಡೂ ಎದ್ದು ಕಾಣುತ್ತಿದ್ದವು. ಮುದುಕ ಅದನ್ನು ಕೊರಳಲ್ಲಿ ಕಟ್ಟಿಕೊಂಡ ಲಿಂಗವೆಂದೇ ತಿಳಿದ.

"ಶರಣಾರ್ಥಿ, ಶರಣಾರ್ಥಿ! ಲಿಂಗದವರು ಈ ಬಿಸಿಲಾಗ ಎಲ್ಲಿಗಿ ಹೊಂಟೀರಿ? ಬರ್ರಿ, ಮ್ಯಾಲೆ ಕುಂದರ್ರಿ" ಎಂದು ತನ್ನ ಚೊಂಬನ್ನೇ ಮುಂದೆ ಚಾಚಿದ.

ಸಣ್ಣ ಅಯ್ಯನವರು ಕೈ ಮುಗಿದರು. ಚೊಂಬು ಮುಟ್ಟಲಿಲ್ಲ. ಹಿಂದೆ ಸರಿದು, ದೂರದಲ್ಲಿ ನೆಲದ ಮೇಲೆ ಕೂತು, ನನ್ನ ಮುಖ ನೋಡಿದರು. ಸುಮ್ಮನಿದ್ದರೆ ಅವರ ಮೌನ ಸುಳ್ಳಾಗುತ್ತದೆ. ಹೇಳಿದರೆ ನೀರೂ ಸಿಗದೆ ಹೋಗಬಹುದು.

"ನಾವು ಕೇರಿಯವರ್ರೀ ಯಪ್ಪಾ. ಕಿರಿಸ್ತಾನರು" ಎಂದೆ.

ಚೊಂಬು ಹಿಂದಕ್ಕೆ ಹೋಯಿತು. "ಮತ್ತ ಕೊಳ್ಳಾಗ ಅದೇನು?"

"ನಮ್ಮ ದೇವರ ಊಟರೀ. ಅರಕೇರಾದಾಗ ನಮ್ಮವ್ವ ಸಾಯಾಕತ್ತಾಳ. ಆಕಿಗಿ ಒಯ್ಯಾಕತ್ತೀವಿ."

"ಇವ್ರು ಮೂಗರೇನು?"

"ಅಲ್ರೀ. ಅದು ಕೊಳ್ಳಾಗ ಇರೋತನಕ ಮಾತಾಡಂಗಿಲ್ಲ."

ಮುದುಕ ಬಗ್ಗಿ ಆ ಡಬ್ಬಿಯನ್ನೇ ನೋಡಿದ. "ಹಂಗಿದ್ರ ನಮ್ಮ ಮನ್ಯಾಕಿಗೂ ಒಂದು ಮಾಡಿಸಿ ಕಟ್ಟಬೇಕು ಬಿಡು" ಅಂದ. ನನಗೆ ನಗು ತಡೆಯಲಾಗಲಿಲ್ಲ, ಸಣ್ಣ ಅಯ್ಯನವರ ಭುಜವೂ ಅಲುಗಾಡಿತು. ಆಮೇಲೆ ಮುದುಕ ಎದ್ದು ಬಂದು, ನಮ್ಮಂಥವರಿಗೆ ಎರೆಯುವ ಹಾಗೆ ಎತ್ತರದಿಂದ ಬೊಗಸೆಗೆ ನೀರು ಬಿಟ್ಟ. ಹೊಟ್ಟೆ ತುಂಬ ಕುಡಿದೆವು. ನಾವು ಹೊರಟ ಮೇಲೆ ತಿರುಗಿ ನೋಡಿದರೆ, ಅವನು ಕೈ ಮುಗಿದು ನಿಂತಿದ್ದ. ಯಾರಿಗೆ ಮುಗಿದನೋ ಗೊತ್ತಿಲ್ಲ.

ದೀಪ ಹಚ್ಚುವ ಹೊತ್ತಿಗೆ ಮನೆ ಮುಟ್ಟಿದೆವು. ಅತ್ತೆ ಬಾಗಿಲಲ್ಲೇ ಇದ್ದಳು.

"ಯಾ ಹೊತ್ತಿಗಿ ಬರಾಕತ್ತೀರಿ! ಬಂದ್ರು, ಹಳ್ಳ ದಾಟಿದ್ರು, ಊರ ಅಗಸಿಗಿ ಬಂದ್ರು ಅಂತ ಆಕಿಗಿ ಸುಳ್ಳು ಹೇಳಿ ಹೇಳಿ ನನಗ ಸಾಕಾತು."

ಸಣ್ಣ ಅಯ್ಯನವರು ಬುಟ್ಟಿಯೊಂದನ್ನು ಬೋರಲು ಹಾಕಿ, ಮೇಲೆ ಬಿಳಿ ಬಟ್ಟೆ ಹಾಸಿ, ಮೇಣದಬತ್ತಿ ಹಚ್ಚಿದರು. ಮೊಣಕಾಲೂರಿ ಪ್ರಾರ್ಥನೆ ಮಾಡಿದರು. ಬೆಳಗಿನಿಂದ ಅವರ ಬಾಯಿಂದ ಬಂದ ಮೊದಲ ಮಾತು ಅದು. ಅವ್ವನ ಕಣ್ಣು ಡಬ್ಬಿ ಬಿಟ್ಟು ಕದಲಲಿಲ್ಲ. ಜೋಳದ ಕಾಳಿನಷ್ಟು ತುಣುಕು ಮುರಿದು ತುಟಿಗೆ ಹಿಡಿದರು. ಹಲ್ಲು ಬಿಡಲಿಲ್ಲ. ಒಂದು ಹನಿ ನೀರು ಹಾಕಿ ನೋಡಿದರು, ನೀರು ಕೆನ್ನೆಗುಂಟ ಹರಿದು ದಿಂಬಿಗೆ ಇಳಿಯಿತು. ಮತ್ತೆ ಪ್ರಯತ್ನಿಸಿದರು. ಆಗಲಿಲ್ಲ. ಇಷ್ಟು ದೂರ ಬಂದದ್ದು ತುಟಿಯ ತನಕ ಬಂದು ನಿಂತಿತ್ತು. ಅವ್ವ ಅಳತೊಡಗಿದಳು.

"ಹಂಗಲ್ರೀ ಯಪ್ಪಾ" ಎಂದಳು ಹಿಂದೆ ನಿಂತಿದ್ದ ಅತ್ತೆ. "ಆಕಿ ಗಂಟಲ ಮೊದಲ ಎಬ್ಬಿಸಬೇಕು. ನನಗ ಗೊತ್ತದ."

ದೀಕ್ಷೆ ಆಗದವರು ಆ ರೊಟ್ಟಿ ಮುಟ್ಟುವ ಹಾಗಿಲ್ಲ. ಇದನ್ನು ನಮಗೆಲ್ಲ ಕಲಿಸಿದವರೇ ಸಣ್ಣ ಅಯ್ಯನವರು. ಅವರು ಅತ್ತೆಯನ್ನು ನೋಡಿದರು, ಅವ್ವನನ್ನು ನೋಡಿದರು. ತುಣುಕನ್ನು ಮತ್ತೆ ಡಬ್ಬಿಯಲ್ಲಿಟ್ಟು ಎದ್ದರು. ಆಸೆ ಬಿಟ್ಟರು ಅಂದುಕೊಂಡೆ.

"ಯಕ್ಕಾ, ಇಲ್ಲಿ ಬಾ. ಕೈ ಮುಂದ ಮಾಡು" ಅಂದರು.

ಟವೆಲ್ಲನ್ನು ಎಡಗೈ ಮೇಲೆ ಹಾಕಿಕೊಂಡರು. ನಮ್ಮ ಮನೆಯ ಬೋಗುಣಿ ಕೆಳಗೆ ಹಿಡಿದು, ನಮ್ಮ ಮನೆಯ ಚೊಂಬಿನಿಂದ ಅತ್ತೆಯ ಕೈಗೆ ನೀರು ಎರೆದರು. ಅದೇ ಸಣ್ಣ ಧಾರೆ. ಅದೇ ಬಾಗಿದ ತಲೆ.

"ನಾನ ತೊಳಕೋತೀನಿ ಬಿಡ್ರಿ. ನನ್ನ ಕೈಗೇನು ಲಕ್ವ ಹೊಡದಾದೇನು?" ಎಂದು ಅತ್ತೆ ಗೊಣಗಿದಳು. ಅವಳು ಮಾನ್ವಿಯ ಬೆಳಗನ್ನು ಕಂಡಿರಲಿಲ್ಲ. ಕಂಡಿದ್ದ ನಾನು ತಲೆಯ ಮೇಲೆ ಸೆರಗು ಎಳೆದುಕೊಂಡೆ.

ಕೈ ಒರೆಸಿ, ತುಣುಕನ್ನು ಅವಳ ಅಂಗೈಯಲ್ಲಿಟ್ಟರು. ಅತ್ತೆ ಅದನ್ನು ಹನಿ ನೀರಿನಲ್ಲಿ ನೆನೆಸಿ, ಕೆನ್ನೆ ಮತ್ತು ಹಲ್ಲಿನ ನಡುವೆ ಬೆರಳಿನಿಂದ ಜಾರಿಸಿದಳು. ಇನ್ನೊಂದು ಕೈಯಿಂದ ಗಂಟಲನ್ನು ಮೇಲಿಂದ ಕೆಳಕ್ಕೆ ಸವರುತ್ತ, ಕೂಸಿಗೆ ಮಾಡಿದಂತೆ ಮೂಗಿನಲ್ಲೇ ಏನೋ ಗುನುಗಿದಳು. ಅವ್ವನ ಗಂಟಲು ಅಲುಗಿತು. ಇಳಿಯಿತು.

ಉಳಿದದ್ದನ್ನು ಸಣ್ಣ ಅಯ್ಯನವರು ನನಗೆ ಕೊಟ್ಟು ತಾವೂ ತೆಗೆದುಕೊಂಡರು. ಅಷ್ಟರಲ್ಲಿ ಅತ್ತೆ ಕೈಯನ್ನು ಸೀರೆಗೆ ಒರೆಸಲು ಹೋದಳು.

"ಯಕ್ಕಾ, ಒರಸಬ್ಯಾಡ!"

ಅವಳ ಬೆರಳುಗಳ ಮೇಲೆ ಮತ್ತೆ ನೀರು ಎರೆದರು. ಆ ರೊಟ್ಟಿಯ ಒಂದು ಪುಡಿಯೂ ನೆಲಕ್ಕೆ ಹೋಗಬಾರದು. ಬೋಗುಣಿಯಲ್ಲಿ ಬಿದ್ದ ನೀರನ್ನು ಎತ್ತಿ ಕುಡಿದರು.

"ಯಪ್ಪಾ, ಏನ್ ಮಾಡ್ತೀರಿ! ಆಕಿ ಎಂಜಲ ಅದು, ಕೈ ತೊಳದ ನೀರು!" ಎಂದು ಅತ್ತೆ ಚೀರಿದಳು. ಅವರು ಬೋಗುಣಿಯನ್ನು ಇನ್ನೊಮ್ಮೆ ತೊಳೆದು ಆ ನೀರನ್ನೂ ಕುಡಿದರು. ಆಮೇಲೆ ಕೊರಳಿನ ಡಬ್ಬಿ ತೆಗೆದು ಗೋಡೆಗೆ ಒರಗಿದರು.

"ಮುಂಜಾನಿಂದ ಬಾಯಿ ಮುಚ್ಚಿ ದವಡಿ ಹಿಡದಾವ ಯಕ್ಕಾ. ರೊಟ್ಟಿ ಅದಾವೇನು? ಗಟ್ಟಿ ಇದ್ದಷ್ಟು ಚಲೋ."

ಆ ವಾರದಲ್ಲೇ ಅವ್ವ ಹೋದಳು. ಮಣ್ಣಿಗೆ ಬಂದ ಸಣ್ಣ ಅಯ್ಯನವರನ್ನು ನಾನು ಕೇಳಿದೆ, ಅತ್ತೆಯ ಕೈಯಲ್ಲಿ ಕೊಟ್ಟದ್ದು ನಡೆಯುತ್ತದೆಯೇ ಅಂತ. "ಬಿಷಪ್ಪರು ಕರದು ಕೇಳಿದ್ರ ಹೇಳ್ತೀನಿ. ಅದಕ್ಕಂತ ಒಂದು ಅಂಗಿ ಒಗದು ಇಟ್ಟೀನಿ" ಅಂದರು. ಕೊನೆಯವರೆಗೂ ಅವರು ಸಣ್ಣ ಅಯ್ಯನವರಾಗಿಯೇ ಉಳಿದರು. ಅತ್ತೆಯೂ ತಲೆಗೆ ನೀರು ಹಾಕಿಸಿಕೊಳ್ಳಲಿಲ್ಲ. "ನನ್ನ ಕೈ ತೊಳದ ನೀರು ಕುಡದ ಅಯ್ಯ ಒಬ್ಬ ಇದ್ದ" ಎಂದು ಮಾತ್ರ ಬಾವಿಯ ಹತ್ತಿರ ಹೇಳುತ್ತಿದ್ದಳು. ಯಾರೂ ನಂಬುತ್ತಿರಲಿಲ್ಲ.

ಹೋದ ತಿಂಗಳು ಆ ಕೈ ಹಿಡಿದು ಕೂತಾಗ ನಾನು ಒಂದು ಬೋಗುಣಿ ಕೇಳಿ ತರಿಸಿದೆ. ಕೆಳಗೆ ಹಿಡಿದು, ಕೈ ಬಂದಷ್ಟು ಸಣ್ಣಗೆ ನೀರು ಎರೆದೆ. ಅತ್ತೆಯನ್ನು ಅವಳ ಹಿರಿಯರ ಪಕ್ಕ ಮಣ್ಣು ಮಾಡಿದರು. ಅವ್ವ ಇರುವುದು ನಮ್ಮ ಸಭೆಯ ಜಾಗದಲ್ಲಿ, ಊರಿನ ಆಚೆ ಕಡೆ. ಎಲ್ಲರೂ ಮನೆಗೆ ತಿರುಗಿದ ಮೇಲೆ ಆ ನೀರಿದ್ದ ಬೋಗುಣಿಯನ್ನು ಸೆರಗಿನಿಂದ ಮುಚ್ಚಿಕೊಂಡು ಅವ್ವನ ಗೋರಿಯ ಕಡೆ ಹೊರಟೆ.

ದಾರಿಯಲ್ಲಿ ಯಾರೋ, "ಏನದು, ಎಲ್ಲಿಗಿ ಹೊಂಟಿ ಯವ್ವಾ?" ಎಂದು ಕೇಳಿದರು. ನಾನು ಮಾತಾಡಲಿಲ್ಲ.