ಬಸ್ಸಿನಲ್ಲಿ ಬಿಟ್ಟ ರಾಜಗಿರಿ ಸಿವುಡು

ಮಾಬೂಬಿ, ನೀವು ಪ್ರೀತಿಯಿಂದ ಕೊಟ್ಟ ರಾಜಗಿರಿ ಪಲ್ಲೆಯನ್ನು ನಾನು ಒಂದು ಸಲವೂ ಉಂಡಿಲ್ಲ. ಇಷ್ಟು ವರ್ಷ ಪ್ರತಿ ಸಲ ಬಸ್ಸಿನ ಸೀಟಿನ ಮೇಲೆ ಬಿಟ್ಟು, ಸಪ್ತಾಪುರದ ಮನೆಗೆ ಬರಿಗೈಯಲ್ಲಿ ಹೋದೆ. ನಿಮ್ಮ ಸೊಪ್ಪಿನ ಮಡಿಗೆ ಹರಿಯುವ ನೀರಿನಲ್ಲಿ ಏನಿದೆ ಎಂದು ನನಗೆ ಗೊತ್ತಿತ್ತು. ನಿಮಗೆ ಹೇಳಿದ್ದು ಬೇರೆ.

ನೆನಪಿದೆಯಲ್ಲ, ನೀರು ಪರೀಕ್ಷೆ ಮಾಡುವವಳು ಎಂದು ಹುಬ್ಬಳ್ಳಿಯ ಆ ನಾಲಾದ ದಂಡೆಗೆ ನಾನು ಬಾಟಲಿ ಹಿಡಿದು ಬಂದಿದ್ದು? ಮೇಲಿನ ರಸ್ತೆಯುದ್ದಕ್ಕೂ ಗ್ಯಾರೇಜು, ಹಳೆ ಬ್ಯಾಟರಿ ಒಡೆಯುವ ಅಂಗಡಿ. ಟೈರು ಸವೆದ ಪುಡಿ, ಬ್ರೇಕಿನ ಧೂಳು, ಸೀಸ — ಬೇಸಿಗೆಯಿಡೀ ಡಾಂಬರಿನ ಮೇಲೆ ಕೂಡಿದ್ದನ್ನು ಮುಂಗಾರಿಗೂ ಮುಂಚಿನ ಮೊದಲ ಅಡ್ಡಮಳೆ ಒಮ್ಮೆಲೇ ತೊಳೆದು ನಾಲಾಕ್ಕೆ ತರುತ್ತದೆ. ಪರೀಕ್ಷಿಸಬೇಕಾದದ್ದು ಆ ನೀರನ್ನೇ. ಪರೀಕ್ಷಿಸಿದೆ ಕೂಡ. ಸೀಸ ಮಿತಿ ಮೀರಿ ಬಂತು.

ನಮ್ಮ ಪ್ರಯೋಗಾಲಯದ ಸಾಹೇಬರು ಮುಖ ಸಿಂಡರಿಸಿ, "ಇನ್ನೊಂದೆರಡ ಮಳಿ ಹೋಗ್ಲಿ, ಆಮ್ಯಾಲ ಮತ್ತೊಮ್ಮೆ ತಗೋರಿ" ಅಂದರು. ರಸ್ತೆ ತೊಳೆದು ಚೊಕ್ಕಟವಾದ ಮೇಲೆ ತೆಗೆದೆ. ನೀರು ಪಾಸಾಯಿತು. ಒಂದು ಅಂಕಿಯೂ ಸುಳ್ಳಲ್ಲ ಎಂದು ನನಗೆ ನಾನೇ ಹೇಳಿಕೊಂಡೆ — ಎಂಥ ಜಾಣತನ...

ನೀವಾದರೋ ವರ್ಷವೂ ಮೊದಲ ನೀರಿಗೇ ಕಾಯುವವರು. ಬಿರಿದ ನೆಲಕ್ಕೆ ಅದೇ ಕಸುವು ಎಂದು ಒಡ್ಡು ಕಡಿದು ಒಳಗೆ ಬಿಟ್ಟುಕೊಳ್ಳುವವರು. ಪಾಸಾದ ವರದಿ ಬರೆದು ನಿಮ್ಮಲ್ಲಿಗೆ ಬಂದ ದಿನ ಸಲಿಕೆ ಹಿಡಿದೇ ಕೇಳಿದಿರಿ.

"ಅಕ್ಕಾರ, ಇನ್ನ ಮ್ಯಾಲೂ ಮೊದಲನೇ ನೀರು ಬಿಟ್ಕೋಬಹುದಲ್ರಿ? ಮನ್ಯಾಗ ಮೊಮ್ಮಕ್ಕಳೂ ಇದನ್ನ ಉಣ್ತಾವ."

"ಬಿಟ್ಕೋರಿ, ಏನೂ ಆಗೂದಿಲ್ಲ."

ನೀವು ನಕ್ಕು, ಒಂದು ಸಿವುಡು ಕಟ್ಟಿ ಕೈಗೆ ಕೊಟ್ಟಿರಿ. ಅಂದಿನಿಂದ ನಾನು ಆ ಕಡೆ ಬಂದಾಗಲೆಲ್ಲ ಕೊಟ್ಟಿರಿ. ಬಸ್ಸಿನಲ್ಲಿ ಬಿಟ್ಟದ್ದನ್ನು ಯಾರೋ ಒಯ್ದು ಉಂಡಿರಬೇಕು. ಆಗ ಅದನ್ನೂ ಯೋಚಿಸಲಿಲ್ಲ.

ನಿವೃತ್ತಳಾದ ಮೇಲೆ ಇಲ್ಲದ ಧೈರ್ಯ ಬಂತು ನೋಡಿ. ರಸ್ತೆಯ ನೀರನ್ನು ಬೇರೆ ಕಡೆ ತಿರುಗಿಸಿ ಎಂದು ಕಚೇರಿ ಕಚೇರಿ ಅಲೆದೆ. ಇವತ್ತು ಬಾ, ನಾಳೆ ಬಾ. ಕೊನೆಗೊಬ್ಬರು, "ನೀರು ಛಲೋ ಐತಿ ಅಂತ ನೀವ ಬರದೀರಲ್ರಿ" ಎಂದು ನನ್ನ ವರದಿಯನ್ನೇ ಮುಂದಿಟ್ಟರು. ಮೈಯೆಲ್ಲ ಉರಿಯಿತು. ಅವರ ಮೇಲೆ, ಸಾಹೇಬರ ಮೇಲೆ, ಆ ಹಾಳು ರಸ್ತೆಯ ಮೇಲೆ — ಆದರೆ ನಿಮಗೆ ಆ ಮಾತು ಹೇಳಿದ ನಾಲಿಗೆ ನನ್ನದು.

ಇವತ್ತು ಹೇಳಿಯೇ ಬಿಡಬೇಕೆಂದು ಬಂದಿದ್ದೆ. ಬಾಯಿ ತೆರೆಯುವ ಮೊದಲೇ ನೀವು ಸಿವುಡು ಕೊಟ್ಟು, "ಮನ್ಯಾಗ ಎಲ್ಲಾರೂ ಆರಾಮ ಅದಾರಲ್ರಿ?" ಅಂದಿರಿ. ಹೂಂ ಎಂದು ಅದನ್ನು ಹಿಡಿದು ಬಸ್ಸು ಹತ್ತಿದೆ. ಬಸ್ಸಿನಲ್ಲಿ ಮಾತ್ರ ಬಿಡಲಾಗಲಿಲ್ಲ. ಅದೀಗ ನನ್ನ ಅಡುಗೆಮನೆಯ ಕಟ್ಟೆಯ ಮೇಲೆ ಬಾಡುತ್ತಿದೆ.

ಅಡ್ಡಮಳೆಯ ಮೋಡ ಕಟ್ಟುತ್ತಿದೆ, ನೀವು ಒಡ್ಡು ಕಡಿಯುವ ಮೊದಲೇ ಬರಬೇಕು. ನಾಳೆ ಇದೇ ಸಿವುಡು ಹಿಡಿದು ಬರುತ್ತೇನೆ. ಸೀಸದ ಮಾತು ಆಮೇಲೆ. ನಿಮ್ಮ ಮೊಮ್ಮಕ್ಕಳು ಉಂಡದ್ದನ್ನು ನಾನು ಉಣ್ಣಲಿಲ್ಲ ಎಂಬುದನ್ನು ಮೊದಲು ಹೇಳುತ್ತೇನೆ.